ಅಂತಿಮ ವರ್ಷದಲ್ಲಿರುವಾಗ ಬಂದ ಮೂರು ಕೆಲಸಗಳು: ಯಾವುದನ್ನು ನಂಬಬೇಕು, ಹೇಗೆ ಅಳೆಯಬೇಕು?

ಆಲೂರಿನ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಾಲೇಜೊಂದರಲ್ಲಿ ಬಿ.ಕಾಂ. ಆರನೆಯ ಸೆಮಿಸ್ಟರ್ ಓದುತ್ತಿದ್ದೇನೆ. ದಿನವೂ ಆಲೂರಿನಿಂದ ಬಸ್ಸಿನಲ್ಲಿ ಬಂದು ಹೋಗುತ್ತೇನೆ. ಅಪ್ಪ ಶುಂಠಿ ಬೆಳೆಯಲ್ಲಿ ಎರಡು ವರ್ಷ ಸತತವಾಗಿ ಕೈ ಸುಟ್ಟುಕೊಂಡಿರುವುದರಿಂದ, ಪರೀಕ್ಷೆ ಮುಗಿದ ಕೂಡಲೇ ನಾನು ದುಡಿಯಲೇಬೇಕಾದ ಸ್ಥಿತಿ ಮನೆಯಲ್ಲಿದೆ. ಈಗ ಮೂರು ಕೆಲಸಗಳು ಎದುರಿಗಿವೆ.

ಮೊದಲನೆಯದು ಬೆಂಗಳೂರಿನ ಬ್ಯಾಕ್ ಆಫೀಸ್ ಕೆಲಸ. ಕಾಲೇಜಿನಲ್ಲಿ ನಡೆದ ಸಂದರ್ಶನದಲ್ಲಿ ಆಯ್ಕೆಯಾಗಿದ್ದೇನೆ. ವಾರ್ಷಿಕ ಸಿಟಿಸಿ, ಅಂದರೆ ಕಂಪನಿ ನನಗಾಗಿ ಮಾಡುವ ಒಟ್ಟು ವೆಚ್ಚ, 2,76,000 ರೂಪಾಯಿ ಎಂದು ಪತ್ರ ಬಂದಿದೆ. ಹದಿನೆಂಟು ತಿಂಗಳ ಬಾಂಡ್ ಇದೆ, ನಡುವೆ ಬಿಟ್ಟರೆ 50,000 ಕೊಡಬೇಕು, ಸೇರುವ ದಿನ ಮೂಲ ಅಂಕಪಟ್ಟಿಗಳನ್ನು ಒಪ್ಪಿಸಬೇಕು ಎಂದಿದ್ದಾರೆ. ಎರಡನೆಯದು ಹಾಸನದ ಬಿ.ಎಂ. ರಸ್ತೆಯ ಆಡಿಟರ್ ಆಫೀಸು: ಈಗ ಮಧ್ಯಾಹ್ನ 2ರಿಂದ 6ರವರೆಗೆ ಬಂದರೆ ತಿಂಗಳಿಗೆ 6,000, ಪರೀಕ್ಷೆಯ ನಂತರ ಪೂರ್ಣಾವಧಿಗೆ ತೆಗೆದುಕೊಳ್ಳುತ್ತೇವೆ ಎನ್ನುತ್ತಾರೆ. ಮೂರನೆಯದು ಒಂದು ಕನ್ಸಲ್ಟೆನ್ಸಿಯ ಮೂಲಕ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಗ್ರೌಂಡ್ ಸ್ಟಾಫ್ ಕೆಲಸ, ಸಂಬಳ 28,000. ತರಬೇತಿ ಮತ್ತು ಸಮವಸ್ತ್ರಕ್ಕೆಂದು 5,500 ಮುಂಗಡ ಕೇಳುತ್ತಿದ್ದಾರೆ.

ಮನೆಯಲ್ಲಿ ಎಲ್ಲರ ಕಣ್ಣು ಮೂರನೆಯದರ ಮೇಲಿದೆ. ಬೆಂಗಳೂರಿನ ಕಂಪನಿಗೆ ಮುಂದಿನ ಶುಕ್ರವಾರದೊಳಗೆ ಉತ್ತರ ಕೊಡಬೇಕು. ದಯವಿಟ್ಟು ತಿಳಿದವರು ಹೇಳಿ.

ಕಡೂರು ಮೇಷ್ಟ್ರು

ಅಮ್ಮಾ, ಮೂರನೆಯದರಿಂದಲೇ ಪ್ರಾರಂಭಿಸುತ್ತೇನೆ, ಏಕೆಂದರೆ ಅದರಲ್ಲಿ ಮಾತ್ರ ಹಣ ನಿಮ್ಮ ಕೈಯಿಂದ ಹೊರಗೆ ಹೋಗುತ್ತದೆ. ವಾಣಿಜ್ಯ ಅಧ್ಯಾಪಕನಾಗಿದ್ದ ಕಾಲದಲ್ಲಿ ಕಾಲೇಜಿನ ಉದ್ಯೋಗ ಮಾಹಿತಿ ಘಟಕವನ್ನು ಹನ್ನೊಂದು ವರ್ಷ ನೋಡಿಕೊಂಡಿದ್ದೇನೆ. ವಿಮಾನ ನಿಲ್ದಾಣದ ಹೆಸರು ಹೇಳಿ ಹಣ ಕೇಳಿದ ಒಂದು ಪ್ರಕರಣವೂ ಕೆಲಸದಲ್ಲಿ ಕೊನೆಗೊಂಡದ್ದನ್ನು ನಾನು ಕಂಡಿಲ್ಲ. ನೇಮಕಾತಿಗಾಗಿ ತಾವು ಯಾರಿಂದಲೂ ಹಣ ಪಡೆಯುವುದಿಲ್ಲ ಎಂದು ವಿಮಾನಯಾನ ಸಂಸ್ಥೆಗಳೇ ತಮ್ಮ ಜಾಲತಾಣಗಳಲ್ಲಿ ಎಚ್ಚರಿಕೆ ಪ್ರಕಟಿಸಿವೆ. ಮೊದಲು 5,500, ಅನಂತರ ವೈದ್ಯಕೀಯ ಪರೀಕ್ಷೆಗೆ, ಅನಂತರ ಪ್ರವೇಶ ಪಾಸಿಗೆ, ಹೀಗೆ ಕೇಳುತ್ತಲೇ ಹೋಗುವುದು ಅವರ ಕ್ರಮ. ಈಗಾಗಲೇ ಏನಾದರೂ ಪಾವತಿಸಿದ್ದರೆ ತಡಮಾಡದೆ ಸೈಬರ್ ವಂಚನೆಯ ದೂರಿಗಾಗಿ ಇರುವ 1930 ಸಹಾಯವಾಣಿಗೆ ಕರೆ ಮಾಡಿ. ಹಣ ಖಾತೆಯಿಂದ ಖಾತೆಗೆ ದಾಟುವ ಮುನ್ನ ದೂರು ದಾಖಲಾದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಎರಡು ದಿನ ಕಳೆದರೆ ಆ ಸಾಧ್ಯತೆ ಬಹಳ ಕ್ಷೀಣಿಸುತ್ತದೆ.

ಮನೆಯವರಿಗೆ ಹೇಗೆ ಹೇಳುವುದು ಎಂಬ ಸಂಕೋಚ ನಿಮಗಿರಬಹುದು. ಅಪ್ಪನವರಿಗೆ ಒಂದೇ ಮಾತು ಕೇಳಿ: ತೋಟದ ಕೆಲಸಕ್ಕೆ ಬಂದ ಆಳಿನಿಂದ ನಾವು ಎಂದಾದರೂ ಮುಂಗಡ ಹಣ ಕೇಳಿದ್ದೇವೆಯೇ? ಕೆಲಸ ಕೊಡುವವರು ಮುಂಗಡ ಕೊಡುವುದನ್ನು ನಮ್ಮ ಸೀಮೆಯ ಎಲ್ಲರೂ ನೋಡಿದ್ದಾರೆ, ಕೇಳುವುದನ್ನು ಯಾರೂ ನೋಡಿಲ್ಲ.

ಬೆಂಗಳೂರಿನ ಕಂಪನಿಯ ವಿಷಯದಲ್ಲಿ ಎರಡು ಪರಿಶೀಲನೆಗಳನ್ನು ನೀವೇ ಮೊಬೈಲಿನಲ್ಲಿ ಮಾಡಬಹುದು. ನೋಂದಾಯಿತ ಕಂಪನಿಯಾದರೆ ಅದಕ್ಕೆ 21 ಅಕ್ಷರ ಮತ್ತು ಅಂಕಿಗಳ ಸಿಐಎನ್ ಎಂಬ ಗುರುತಿನ ಸಂಖ್ಯೆ ಇರುತ್ತದೆ, ಪತ್ರದ ಶಿರೋಭಾಗದಲ್ಲೋ ಅಡಿಯಲ್ಲೋ ಅದು ಮುದ್ರಿತವಾಗಿರಬೇಕು. ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಅದನ್ನು ಹಾಕಿದರೆ ಕಂಪನಿ ಯಾವಾಗ ಸ್ಥಾಪನೆಯಾಯಿತು, ಈಗಲೂ ಸಕ್ರಿಯವಾಗಿದೆಯೇ ಎಂಬುದು ತಿಳಿಯುತ್ತದೆ. ಇದಕ್ಕಿಂತ ಹೆಚ್ಚು ಉಪಯುಕ್ತವಾದದ್ದು ಭವಿಷ್ಯ ನಿಧಿ ಸಂಘಟನೆಯ ಜಾಲತಾಣದಲ್ಲಿ ಸಂಸ್ಥೆಯ ಹೆಸರನ್ನು ಹುಡುಕುವುದು. ಯಾವ ತಿಂಗಳು ಎಷ್ಟು ಜನರ ಪಿಎಫ್ ಕಟ್ಟಿದ್ದಾರೆ ಎಂಬುದು ಅಲ್ಲಿ ಕಾಣುತ್ತದೆ. "ನಮ್ಮಲ್ಲಿ ಐನೂರು ಜನ ಇದ್ದಾರೆ" ಎಂದವರು ಮೂವತ್ತು ಜನರಿಗೆ ಮಾತ್ರ ಪಿಎಫ್ ಕಟ್ಟುತ್ತಿದ್ದರೆ, ಉಳಿದವರು ಯಾವ ಷರತ್ತಿನ ಮೇಲೆ ಕೆಲಸ ಮಾಡುತ್ತಿದ್ದಾರೆ ಎಂದು ಕೇಳಲು ನಿಮಗೆ ಕಾರಣ ಸಿಗುತ್ತದೆ.

ತಣ್ಣೀರುಹಳ್ಳದವನು, ಈಗ ಪೀಣ್ಯ

ಮೇಷ್ಟ್ರು ಹೇಳಿದ್ದನ್ನು ನೂರಕ್ಕೆ ನೂರು ಒಪ್ಪುತ್ತೇನೆ. ನನ್ನ ತಮ್ಮ 2022ರಲ್ಲಿ ಇಂಥದ್ದೇ ಒಂದು ಕಡೆ ಮೂರು ಕಂತುಗಳಲ್ಲಿ 14,000 ಕಟ್ಟಿದ. ನಾಲ್ಕನೆಯ ಬಾರಿ ಹಣ ಕೇಳಿದಾಗ ನನಗೆ ಫೋನ್ ಮಾಡಿದ, ಅಷ್ಟರಲ್ಲಿ ತಡವಾಗಿತ್ತು. ಅವನು ಹಣಕ್ಕಿಂತ ಹೆಚ್ಚಾಗಿ ನೊಂದುಕೊಂಡದ್ದು, ಆ ಮೂರು ತಿಂಗಳಲ್ಲಿ ಬೇರೆ ಎರಡು ಸಂದರ್ಶನಗಳನ್ನು ಕೈಬಿಟ್ಟಿದ್ದಕ್ಕೆ.

ತಂಗಿ, ಬೆಂಗಳೂರಿನ ಪತ್ರದಲ್ಲಿ ಸಂಬಳದ ವಿವರ ಇರುವ ಪುಟವನ್ನು, ಕಂಪನಿಯ ಹೆಸರು ಬಿಟ್ಟು, ಇಲ್ಲಿ ಬರೆಯುತ್ತೀರಾ? ಸಿಟಿಸಿ ಎಂಬ ಒಂದೇ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ.

ಆಲೂರಿನ ವಿದ್ಯಾರ್ಥಿನಿ

ಧನ್ಯವಾದಗಳು ಸರ್. ಕನ್ಸಲ್ಟೆನ್ಸಿಗೆ ಇನ್ನೂ ಏನೂ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಅಪ್ಪನಿಗೆ ಆಳಿನ ಮುಂಗಡದ ಮಾತು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ "ಬೇಡ ಬಿಡು" ಎಂದರು.

ಸಂಬಳದ ಪುಟದಲ್ಲಿ ತಿಂಗಳ ಲೆಕ್ಕ ಹೀಗಿದೆ: ಮೂಲ ವೇತನ 13,000, ಮನೆ ಬಾಡಿಗೆ ಭತ್ಯೆ 5,000, ಸಂಸ್ಥೆಯ ಪಿಎಫ್ ವಂತಿಗೆ 1,560, ಸಂಸ್ಥೆಯ ಇಎಸ್‌ಐ (ನೌಕರರ ವಿಮೆ) ವಂತಿಗೆ 585, ಗ್ರಾಚ್ಯುಟಿ 625, ಕಾರ್ಯಕ್ಷಮತೆ ಆಧಾರಿತ ಪ್ರೋತ್ಸಾಹಧನ 2,230. ಒಟ್ಟು 23,000.

ತಣ್ಣೀರುಹಳ್ಳದವನು, ಈಗ ಪೀಣ್ಯ

ಲೆಕ್ಕದಲ್ಲಿ ಮೋಸವಿಲ್ಲ, ಆದರೆ 23,000 ನಿಮ್ಮ ಕೈಗೆ ಬರುವುದಿಲ್ಲ. ಸಂಸ್ಥೆ ತನ್ನ ಪಾಲಿನಿಂದ ಕಟ್ಟುವ ಪಿಎಫ್ ಮತ್ತು ಇಎಸ್‌ಐ ನಿಮ್ಮ ಹೆಸರಿನಲ್ಲಿ ಖರ್ಚಾದರೂ ಸಂಬಳದ ದಿನ ಖಾತೆಗೆ ಬೀಳುವಂಥದ್ದಲ್ಲ. ಗ್ರಾಚ್ಯುಟಿ ಸಾಮಾನ್ಯವಾಗಿ ಐದು ವರ್ಷ ಸೇವೆ ಸಲ್ಲಿಸಿದವರಿಗೆ ಸಿಗುವ ಹಣ, ಹದಿನೆಂಟು ತಿಂಗಳ ಬಾಂಡಿನ ಹುಡುಗಿಯ ಲೆಕ್ಕಕ್ಕೆ ಅದನ್ನು ಸೇರಿಸುವುದರಲ್ಲಿ ಅರ್ಥವಿಲ್ಲ. ಪ್ರೋತ್ಸಾಹಧನ ಬಂದರೆ ಬಂತು. ಉಳಿಯುವುದು 18,000. ಅದರಿಂದ ನಿಮ್ಮ ಪಾಲಿನ ಪಿಎಫ್ ಮೂಲ ವೇತನದ ಶೇ. 12ರಂತೆ 1,560, ಇಎಸ್‌ಐ ಶೇ. 0.75ರಂತೆ 135 ಕಡಿತವಾಗುತ್ತದೆ. 25,000ಕ್ಕಿಂತ ಕಡಿಮೆ ಸಂಬಳವಾದ್ದರಿಂದ ವೃತ್ತಿ ತೆರಿಗೆ ಇಲ್ಲ. ಕೈಗೆ ಬರುವುದು 16,305.

ಈಗ ಖರ್ಚು. ನಾನಿರುವ ಕಡೆ ಊಟ ಸೇರಿ ಪಿಜಿಗೆ 8,000 ಆಗುತ್ತದೆ. ಮಧ್ಯಾಹ್ನದ ಊಟ ಹೊರಗಾದರೆ 1,500, ಸಿಟಿ ಬಸ್ಸಿಗೆ 1,200, ಫೋನು, ಸೋಪು, ಔಷಧಿ ಇತ್ಯಾದಿಗೆ 1,000, ತಿಂಗಳಿಗೆ ಎರಡು ಸಲ ಊರಿಗೆ ಬರಲು 1,000. ಒಟ್ಟು 12,700. ಉಳಿತಾಯ 3,605. ಮೊದಲ ತಿಂಗಳು ಪಿಜಿಯ ಮುಂಗಡವೂ ಸೇರುವುದರಿಂದ, ಮೊದಲ ಸಂಬಳ ಬರುವವರೆಗೆ ಮನೆಯಿಂದಲೇ ಸುಮಾರು ಇಪ್ಪತ್ತು ಸಾವಿರ ಹೊಂದಿಸಿಕೊಳ್ಳಬೇಕಾಗುತ್ತದೆ ಎಂಬುದನ್ನು ಈಗಲೇ ಅಪ್ಪನವರಿಗೆ ಹೇಳಿಡಿ.

ಅರಸೀಕೆರೆ ಅಕ್ಕ

ಒಂದು ತಿದ್ದುಪಡಿ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿ ಸಾಮಾನ್ಯ ಬಸ್ಸುಗಳೂ ಹಾಸನಕ್ಕೆ ಬರುವ ಕೆಎಸ್‌ಆರ್‌ಟಿಸಿ ವೇಗದೂತ ಬಸ್ಸುಗಳೂ ರಾಜ್ಯದ ಮಹಿಳೆಯರಿಗೆ ಉಚಿತ. ರಾಜಹಂಸ, ಐರಾವತ ಹತ್ತದಿದ್ದರೆ ಬಸ್ಸಿನ ಆ 2,200 ಪೂರ್ತಿ ಉಳಿಯುತ್ತದೆ. ಆಗ ಉಳಿತಾಯ 5,805. ಗಂಡುಮಕ್ಕಳ ಲೆಕ್ಕವನ್ನು ಹೆಣ್ಣುಮಕ್ಕಳಿಗೆ ಹಾಗೆಯೇ ಒಪ್ಪಿಸಬಾರದು, ಎರಡೂ ಕಡೆಯಿಂದ.

ಎರಡೂ ಕಡೆಯಿಂದ ಎಂದದ್ದಕ್ಕೆ ಕಾರಣವಿದೆ. ಪತ್ರದಲ್ಲಿ ಪಾಳಿಯ ವಿಷಯ ಏನು ಬರೆದಿದ್ದಾರೆ ನೋಡು ಮಗಳೇ. "ಸಂಸ್ಥೆಯ ಅಗತ್ಯಕ್ಕೆ ತಕ್ಕ ಪಾಳಿ" ಎಂಬ ಸಾಲಿದ್ದರೆ ಅದರ ಅರ್ಥ ರಾತ್ರಿ ಪಾಳಿಯೂ ಹೌದು. ರಾತ್ರಿ ಹೊತ್ತು ಮಹಿಳೆಯರಿಂದ ಕೆಲಸ ಮಾಡಿಸುವ ಇಂಥ ಸಂಸ್ಥೆಗಳು ಮನೆಯಿಂದ ಕಚೇರಿಗೂ ಕಚೇರಿಯಿಂದ ಮನೆಗೂ ಉಚಿತ ವಾಹನ ಒದಗಿಸಬೇಕೆಂದು ಕರ್ನಾಟಕದ ನಿಯಮಗಳು ಹೇಳುತ್ತವೆ. ನಾನು ಸೇರಿದ ಮೊದಲ ಕಂಪನಿಯಲ್ಲಿ ವಾಹನವೇನೋ ಇತ್ತು, ಆದರೆ ಅದು ಮುಖ್ಯರಸ್ತೆಯವರೆಗೆ ಮಾತ್ರ. ನಮ್ಮ ಪಿಜಿಯ ಗೇಟು ರಾತ್ರಿ ಹತ್ತಕ್ಕೆ ಮುಚ್ಚುತ್ತಿತ್ತು. ಬೆಳಗಿನ ಜಾವ ಮೂರೂವರೆಗೆ ಬಂದಿಳಿದು, ಗೇಟು ತೆರೆಯುವ ಆರು ಗಂಟೆಯವರೆಗೆ ಎದುರಿನ ಹಾಲಿನ ಬೂತಿನ ಮೆಟ್ಟಿಲ ಮೇಲೆ ಕುಳಿತ ದಿನಗಳನ್ನು ನಾನು ಮರೆತಿಲ್ಲ. ಸಂದರ್ಶನದಲ್ಲಿ ಈ ಪ್ರಶ್ನೆ ಕೇಳಬೇಕೆಂದು ನನಗೆ ಆಗ ಹೇಳಿಕೊಟ್ಟವರಿರಲಿಲ್ಲ. ನೀನು ಕೇಳು, ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಅದೂ ಒಂದು ಉತ್ತರವೇ.

ಇಎಸ್‌ಐ ಕಡಿತವನ್ನು ಮಾತ್ರ ನಷ್ಟವೆಂದು ಎಣಿಸಬೇಡ. ತಿಂಗಳ ವೇತನ 21,000ದವರೆಗೆ ಇರುವವರಿಗೆ ಅದು ಅನ್ವಯಿಸುತ್ತದೆ, ನಿನ್ನನ್ನೇ ಅವಲಂಬಿಸಿರುವ ತಂದೆತಾಯಿಗೂ ಅದರಲ್ಲಿ ಚಿಕಿತ್ಸೆಯ ಸೌಲಭ್ಯವಿದೆ. ನಮ್ಮ ಅಮ್ಮನ ಗರ್ಭಕೋಶದ ಶಸ್ತ್ರಚಿಕಿತ್ಸೆ ಅದರಿಂದಲೇ ಆಯಿತು.

ಹೊಳೆನರಸೀಪುರದ ವಕೀಲೆ

ಬಾಂಡ್ ಮತ್ತು ಅಂಕಪಟ್ಟಿಯ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

"ಬಾಂಡ್ ಎಲ್ಲ ನಡೆಯೋದಿಲ್ಲ, ಸಹಿ ಹಾಕಿ ಬಿಟ್ಟು ಹೋಗಬಹುದು" ಎಂದು ಧೈರ್ಯ ಹೇಳುವವರು ಬಹಳ ಜನರಿದ್ದಾರೆ. ಅದು ಅರ್ಧಸತ್ಯ. 1872ರ ಭಾರತೀಯ ಕರಾರು ಕಾಯ್ದೆಯ 27ನೆಯ ಕಲಂ ಪ್ರಕಾರ, ಕೆಲಸ ಬಿಟ್ಟ ಮೇಲೆ ಬೇರೆಡೆ ದುಡಿಯಬಾರದು ಎಂದು ಕಟ್ಟಿಹಾಕುವ ಷರತ್ತು ಊರ್ಜಿತವಾಗುವುದಿಲ್ಲ. ಆದರೆ ಕನಿಷ್ಠ ಸೇವಾ ಅವಧಿಯ ಷರತ್ತು ಬೇರೆಯದೇ ವಿಷಯ. ಸಾರ್ವಜನಿಕ ವಲಯದ ಬ್ಯಾಂಕೊಂದರ ಅಧಿಕಾರಿ ಮೂರು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ 2 ಲಕ್ಷ ರೂಪಾಯಿಯ ಬಾಂಡನ್ನು ಎತ್ತಿಹಿಡಿಯಿತು. ಹಾಗೆಂದು ಬರೆದ ಮೊತ್ತವೆಲ್ಲ ತಾನಾಗಿಯೇ ವಸೂಲಾಗುವುದಿಲ್ಲ. ಅದೇ ಕರಾರು ಕಾಯ್ದೆಯ 74ನೆಯ ಕಲಂ ಹೇಳುವುದು ನ್ಯಾಯಸಮ್ಮತವಾದ ಪರಿಹಾರದ ಮಾತನ್ನು. ಆದ್ದರಿಂದ ನೀವು ಕೇಳಬೇಕಾದದ್ದು, ಈ 50,000 ಯಾವ ತರಬೇತಿಯ ಖರ್ಚು, ಎಷ್ಟು ವಾರದ ತರಬೇತಿ, ಹದಿನೇಳನೆಯ ತಿಂಗಳಲ್ಲಿ ಬಿಟ್ಟರೂ ಪೂರ್ತಿ ಮೊತ್ತವೇ ಅಥವಾ ತಿಂಗಳು ಕಳೆದಂತೆ ಇಳಿಯುತ್ತದೆಯೇ, ಕಂಪನಿಯೇ ನಿಮ್ಮನ್ನು ತೆಗೆದರೆ ಏನು ಎಂಬುದನ್ನು. ಉತ್ತರ ಮಿಂಚಂಚೆಯಲ್ಲಿ ಬರಲಿ. ಫೋನಿನಲ್ಲಿ ಹೇಳಿದ್ದು ನಾಳೆ ಯಾರಿಗೂ ನೆನಪಿರುವುದಿಲ್ಲ.

ಮೂಲ ಅಂಕಪಟ್ಟಿಗಳನ್ನು ಯಾವ ಕಾರಣಕ್ಕೂ ಒಪ್ಪಿಸಬೇಡಿ. ತೋರಿಸಿ, ಪರಿಶೀಲಿಸಲು ಬಿಡಿ, ಅಂದೇ ವಾಪಸು ತನ್ನಿ. ಎಂ.ಕಾಂ. ಪ್ರವೇಶಕ್ಕೋ ಸರ್ಕಾರಿ ನೇಮಕಾತಿಯ ದಾಖಲೆ ಪರಿಶೀಲನೆಗೋ ಅವು ಬೇಕಾದ ದಿನ ಬೇರೊಬ್ಬರ ಬೀರುವಿನಲ್ಲಿದ್ದರೆ, ಬಾಂಡಿನ ಹಣಕ್ಕಿಂತ ದೊಡ್ಡ ಬೆಲೆ ತೆರಬೇಕಾಗುತ್ತದೆ. ನನ್ನ ಕಕ್ಷಿದಾರಳೊಬ್ಬಳು ಹತ್ತನೆಯ ತರಗತಿಯ ಅಂಕಪಟ್ಟಿಗಾಗಿ ಎಂಟು ತಿಂಗಳು ಅಲೆದಿದ್ದಾಳೆ.

ಬಿ.ಎಂ. ರಸ್ತೆ ಲೆಕ್ಕಿಗ

ಎರಡನೆಯ ಕೆಲಸವನ್ನು ಎಲ್ಲರೂ ಬದಿಗಿಟ್ಟು ಮಾತನಾಡುತ್ತಿರುವುದು ನನಗೆ ಬೇಸರ ತಂದಿದೆ. ನಾನು ಇಂಥದ್ದೇ ಆಫೀಸಿನಲ್ಲಿ 4,000ಕ್ಕೆ ಸೇರಿದವನು, ಈಗ ಸ್ವಂತವಾಗಿ ಅರವತ್ತು ಅಂಗಡಿಗಳ ಲೆಕ್ಕ ನೋಡಿಕೊಳ್ಳುತ್ತಿದ್ದೇನೆ.

ಆಡಿಟರ್ ಆಫೀಸಿನಲ್ಲಿ ಸಂಬಳಕ್ಕಿಂತ ಮೊದಲು ಕೇಳಬೇಕಾದದ್ದು, ನನ್ನ ಕೈಗೆ ಯಾವ ಕೆಲಸ ಕೊಡುತ್ತೀರಿ ಎಂಬುದು. ಬಿಲ್ಲುಗಳನ್ನು ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ ತುಂಬುವುದು, ಜೆರಾಕ್ಸ್ ಮಾಡಿಸುವುದು, ಬ್ಯಾಂಕಿಗೆ ಹೋಗಿ ಬರುವುದು, ಇಷ್ಟರಲ್ಲೇ ಎರಡು ವರ್ಷ ಕಳೆದ ಹುಡುಗರನ್ನು ನಾನು ನೋಡಿದ್ದೇನೆ. ಅವರಿಗೆ ಬೇರೆಡೆ ಕೆಲಸ ಸಿಗಲಿಲ್ಲ, ಏಕೆಂದರೆ ಹೇಳಿಕೊಳ್ಳಲು ಏನೂ ಇರಲಿಲ್ಲ. ಅದೇ ಆಫೀಸಿನಲ್ಲಿ ಐದು ಅಂಗಡಿಗಳ ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ನಿಮಗೆ ವಹಿಸಿದರೆ ಚಿತ್ರವೇ ಬೇರೆ. ಪ್ರತಿ ತಿಂಗಳು 11ಕ್ಕೆ ಮಾರಾಟದ ವಿವರ ಜಿಎಸ್‌ಟಿಆರ್-1 ಎಂಬ ಜಿಎಸ್‌ಟಿ ನಮೂನೆಯಲ್ಲಿ ಹೋಗಬೇಕು. 14ಕ್ಕೆ 2ಬಿ, ಅಂದರೆ ಸರಕು ಕೊಟ್ಟವರು ಸಲ್ಲಿಸಿದ ವಿವರಗಳಿಂದ ಬರುವ ಖರೀದಿ ಪಟ್ಟಿ, ತಯಾರಾಗುತ್ತದೆ, ಅಂಗಡಿಯವರು ತಂದುಕೊಟ್ಟ ಖರೀದಿ ಬಿಲ್ಲುಗಳೊಂದಿಗೆ ಅದನ್ನು ತಾಳೆ ನೋಡಬೇಕು. ಸರಕು ಕೊಟ್ಟವನು ತನ್ನ ವಿವರ ಸಲ್ಲಿಸದಿದ್ದರೆ ನಮ್ಮ ಅಂಗಡಿಯವನಿಗೆ ಸಿಗಬೇಕಾದ ತೆರಿಗೆ ಜಮೆ ನಿಂತುಹೋಗುತ್ತದೆ, ಆಗ ಯಾರಿಗೆ ಫೋನು ಮಾಡಬೇಕು, ಏನು ಹೇಳಬೇಕು ಎಂಬುದನ್ನು ಕಲಿಯಬೇಕು. 20ಕ್ಕೆ 3ಬಿ ಎಂಬ ತಿಂಗಳ ರಿಟರ್ನ್ ಸಲ್ಲಿಸಿ ತೆರಿಗೆ ಕಟ್ಟಿಸಬೇಕು. ಈ ಸುತ್ತನ್ನು ಹನ್ನೆರಡು ಸಲ ಸ್ವಂತ ಕೈಯಿಂದ ಮುಗಿಸಿದವರಿಗೆ ಹಾಸನದಲ್ಲಿ ಮಾತ್ರವಲ್ಲ, ಬೆಂಗಳೂರಿನಲ್ಲಿಯೂ ಬೆಲೆಯಿದೆ.

ಆದರೆ "ಪರೀಕ್ಷೆಯ ನಂತರ ತೆಗೆದುಕೊಳ್ಳುತ್ತೇವೆ" ಎಂಬ ಮಾತು ನನಗೆ ಸಾಲದು. ಪೂರ್ಣಾವಧಿಯ ಸಂಬಳ ಎಷ್ಟು ಎಂದು ಅವರು ಹೇಳಿಲ್ಲ. ಕೇಳಲು ಹೋಗುವ ಮೊದಲು ಕಾರ್ಮಿಕ ಇಲಾಖೆಯ ಕನಿಷ್ಠ ವೇತನದ ಪಟ್ಟಿಯಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಪುಟವನ್ನು ಓದಿಕೊಳ್ಳಿ, ಪ್ರತಿ ವರ್ಷ ಏಪ್ರಿಲ್‌ನಲ್ಲಿ ಅದರ ತುಟ್ಟಿಭತ್ಯೆ ಪರಿಷ್ಕರಣೆಯಾಗುತ್ತದೆ. ಸಣ್ಣ ಆಫೀಸು ಎಂಬ ಕಾರಣಕ್ಕೆ ಎಷ್ಟಾದರೂ ಕೊಡಬಹುದು ಎಂಬ ಅಭ್ಯಾಸ ನಮ್ಮ ವೃತ್ತಿಯಲ್ಲಿದೆ, ಅದು ಸರಿಯಲ್ಲ.

ಇನ್ನೊಂದು ಮಾತು. ಆ ಆಫೀಸಿನಿಂದ ಕಳೆದ ಎರಡು ವರ್ಷಗಳಲ್ಲಿ ಹೊರಹೋದ ಯಾರನ್ನಾದರೂ ಹುಡುಕಿ ಮಾತನಾಡಿ. ಹಾಸನ ಅಷ್ಟು ದೊಡ್ಡ ಊರಲ್ಲ. ಪಕ್ಕದ ಜೆರಾಕ್ಸ್ ಅಂಗಡಿಯವರಿಗೆ ಗೊತ್ತಿರುತ್ತದೆ.

ಚಿಕ್ಕಮಗಳೂರು ಬಿ.ಎಸ್ಸಿ.

ಮಧ್ಯೆ ಬಂದು ಕೇಳುತ್ತಿರುವುದಕ್ಕೆ ಕ್ಷಮಿಸಿ. ನಾನು ಸಸ್ಯಶಾಸ್ತ್ರ, ರಸಾಯನಶಾಸ್ತ್ರ ಓದುತ್ತಿದ್ದೇನೆ. ವಾರಾಂತ್ಯದಲ್ಲಿ ಒಂದು ಹೋಮ್‌ಸ್ಟೇಯಲ್ಲಿ ಅತಿಥಿಗಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಪದವಿಯ ನಂತರ ಅಲ್ಲಿಯೇ ಪೂರ್ಣಾವಧಿಗೆ ಕರೆಯುತ್ತಿದ್ದಾರೆ. ನಮ್ಮ ಜಿಲ್ಲೆಯಲ್ಲಿ ಓದಿಗೆ ಹೊಂದುವ ಬೇರೆ ದಾರಿ ಇದೆಯೇ?

ಮೂಡಿಗೆರೆ ರೈಟರ್

ಇಪ್ಪತ್ತಾರು ವರ್ಷದಿಂದ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿ ಮಸ್ಟರ್ (ಆಳುಗಳ ಹಾಜರಿ ಪುಸ್ತಕ) ಬರೆಯುತ್ತಿದ್ದೇನೆ. ಹೋಮ್‌ಸ್ಟೇಯ ಕೆಲಸ ಕೀಳಲ್ಲ, ಆದರೆ ಮಳೆಗಾಲದ ತಿಂಗಳುಗಳಲ್ಲಿ ಸಂಬಳ ಪೂರ್ತಿ ಕೊಡುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಪ್ಪ. ನಿನ್ನ ಓದಿಗೆ ಕಾಫಿ ಮಂಡಳಿಯ ಕಾಫಿ ಗುಣಮಟ್ಟ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ಹೊಂದುತ್ತದೆ. ಸಸ್ಯಶಾಸ್ತ್ರ, ರಸಾಯನಶಾಸ್ತ್ರದ ಪದವೀಧರರೂ ಅರ್ಜಿ ಹಾಕಬಹುದು, ಮೊದಲ ಭಾಗ ನಮ್ಮ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಲ್ಲೇ ನಡೆಯುತ್ತದೆ. ಸೇರುವ ಮೊದಲು ಒಂದು ಕೊಯ್ಲಿನ ಕಾಲದಲ್ಲಿ ಯಾವುದಾದರೂ ಕ್ಯೂರಿಂಗ್ ವರ್ಕ್ಸ್‌ಗೆ (ಕಾಫಿ ಸಂಸ್ಕರಣೆಯ ಘಟಕ) ಹೋಗಿ ಬೀಜ ವಿಂಗಡಿಸುವುದು, ರುಚಿ ನೋಡುವುದು ಹೇಗೆಂದು ಕಣ್ಣಾರೆ ನೋಡಿ ಬಾ. ಆ ವಾಸನೆಯ ನಡುವೆ ದಿನವಿಡೀ ನಿಲ್ಲಲು ಮನಸ್ಸಾಗುತ್ತದೆಯೋ ಇಲ್ಲವೋ ಅಲ್ಲಿಯೇ ಗೊತ್ತಾಗುತ್ತದೆ.

ಕಡೂರು ಮೇಷ್ಟ್ರು

ಆಲೂರಿನ ಹುಡುಗಿಗೆ ನಾಲ್ಕನೆಯ ದಾರಿಯೊಂದನ್ನು ಸೇರಿಸುತ್ತೇನೆ. ಫಲಿತಾಂಶ ಬಂದ ಕೂಡಲೇ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯ ಜಾಲತಾಣದಲ್ಲಿ ಹೆಸರು ನೋಂದಾಯಿಸಿ, ಅದಕ್ಕೆ ಶುಲ್ಕವಿಲ್ಲ. ಬಿ.ಕಾಂ. ಪದವೀಧರರಿಗೂ ಅವಕಾಶವಿದೆ. ಸಾರ್ವಜನಿಕ ವಲಯದ ಬ್ಯಾಂಕುಗಳು ಈಚಿನ ವರ್ಷಗಳಲ್ಲಿ ಪದವೀಧರ ಅಪ್ರೆಂಟಿಸ್‌ಗಳನ್ನು ದೊಡ್ಡ ಸಂಖ್ಯೆಯಲ್ಲಿ ತೆಗೆದುಕೊಳ್ಳುತ್ತಿವೆ. 2024ರಲ್ಲಿ ಕೆನರಾ ಬ್ಯಾಂಕ್ 3,000 ಜನರನ್ನು ಕರೆದಾಗ ತಿಂಗಳಿಗೆ 15,000 ಶಿಷ್ಯವೇತನವಿತ್ತು, ಸ್ಥಳೀಯ ಭಾಷೆಯ ಜ್ಞಾನವೂ ಕಡ್ಡಾಯವಾಗಿತ್ತು. ಕನ್ನಡದಲ್ಲಿ ಓದಿ ಬರೆದವರಿಗೆ ಅದು ಅನುಕೂಲವೇ. ಆದರೆ ಒಂದು ವರ್ಷ ಮುಗಿದ ಮೇಲೆ ಅದೇ ಬ್ಯಾಂಕಿನಲ್ಲಿ ಕೆಲಸ ಕೊಡುವ ಭರವಸೆ ಅದರಲ್ಲಿಲ್ಲ ಎಂಬುದನ್ನು ತಿಳಿದೇ ಹೋಗಬೇಕು.

ರಾಜ್ಯ ಸರ್ಕಾರದ ಯುವನಿಧಿ ಯೋಜನೆಯ ತಿಂಗಳ 3,000ವನ್ನು ನೆಚ್ಚಿಕೊಂಡು ಕೆಲಸ ಮುಂದೂಡುವ ಮಕ್ಕಳನ್ನು ನೋಡಿದ್ದೇನೆ. ಪದವಿ ಮುಗಿದು 180 ದಿನ ಕೆಲಸವಿಲ್ಲದಿದ್ದರೆ ಸಿಗುವ, ಗರಿಷ್ಠ ಎರಡು ವರ್ಷದ ನೆರವು ಅದು. ನಿಮ್ಮ ಮುಂದೆ ನಿಜವಾದ ಕೆಲಸಗಳಿರುವಾಗ ಅದು ಲೆಕ್ಕಕ್ಕೆ ಬರಬಾರದು.

ಆಲೂರಿನ ವಿದ್ಯಾರ್ಥಿನಿ

ಎಂಟು ದಿನಗಳ ನಂತರ ಬರೆಯುತ್ತಿದ್ದೇನೆ. ನೀವು ಹೇಳಿದ ಎಲ್ಲವನ್ನೂ ಮಾಡಿದೆ.

ಬೆಂಗಳೂರಿನ ಕಂಪನಿ ನಿಜವಾದದ್ದು, ಪಿಎಫ್ ಕೂಡ ತಿಂಗಳು ತಿಂಗಳು ಕಟ್ಟುತ್ತಿದೆ. ವಕೀಲ ಮೇಡಂ ಬರೆದ ಪ್ರಶ್ನೆಗಳನ್ನು ಮಿಂಚಂಚೆಯಲ್ಲಿ ಕಳುಹಿಸಿದೆ. ಅಂಕಪಟ್ಟಿಗಳನ್ನು ಪರಿಶೀಲಿಸಿ ಅಂದೇ ಹಿಂದಿರುಗಿಸುತ್ತೇವೆ ಎಂದು ಉತ್ತರಿಸಿದ್ದಾರೆ, ಆದರೆ ಬಾಂಡಿನ ಮೊತ್ತ ಕೊನೆಯ ದಿನದವರೆಗೂ ಪೂರ್ತಿ 50,000ವೇ, ತರಬೇತಿ ಎರಡು ವಾರ. ಪಾಳಿಯ ಬಗ್ಗೆ ಎರಡು ಸಲ ಕೇಳಿದರೂ ಲಿಖಿತ ಉತ್ತರ ಬರಲಿಲ್ಲ.

ಆಡಿಟರ್ ಆಫೀಸನ್ನು ಬಿಟ್ಟಿದ್ದ ಒಬ್ಬ ಅಕ್ಕ ಸಿಕ್ಕರು, ಜೆರಾಕ್ಸ್ ಅಂಗಡಿಯವರೇ ಹೇಳಿದ್ದು. ಮೊದಲ ಆರು ತಿಂಗಳು ಬರೀ ಬಿಲ್ಲು ತುಂಬಿಸಿದರು, ತಾನಾಗಿಯೇ ಕೇಳಿದ ಮೇಲೆ ರಿಟರ್ನ್ ಕೆಲಸ ಕೊಟ್ಟರು, ಸಂಬಳ ತಡವಾಗಿದ್ದಿಲ್ಲ, ಮದುವೆಯಾಗಿ ಶಿವಮೊಗ್ಗಕ್ಕೆ ಹೋದದ್ದರಿಂದ ಬಿಟ್ಟೆ ಎಂದರು. ಅದನ್ನು ಕೇಳಿಕೊಂಡು ಆಡಿಟರ್ ಸರ್ ಬಳಿ ಹೋಗಿ, ಐದು ಅಂಗಡಿಗಳ ಲೆಕ್ಕ ಪೂರ್ತಿಯಾಗಿ ಕೊಡುತ್ತೀರಾ ಎಂದೂ ಪೂರ್ಣಾವಧಿಯ ಸಂಬಳ ಎಷ್ಟೆಂದೂ ಕೇಳಿದೆ. ಕನಿಷ್ಠ ವೇತನದ ಪಟ್ಟಿಯನ್ನು ಫೋನಿನಲ್ಲಿ ತೆರೆದಿಟ್ಟುಕೊಂಡಿದ್ದೆ, ಕೈ ನಡುಗುತ್ತಿತ್ತು. ಅವರು ಪಟ್ಟಿಯನ್ನು ನೋಡಿ, ಪೂರ್ಣಾವಧಿಗೆ ಅದರಲ್ಲಿರುವ ದರಕ್ಕೆ ಕಡಿಮೆಯಾಗದಂತೆ ಕೊಡುತ್ತೇನೆ, ಮೂರು ಅಂಗಡಿಗಳಿಂದ ಪ್ರಾರಂಭಿಸೋಣ ಎಂದು ತಮ್ಮ ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟರು.

ಬೆಂಗಳೂರಿನವರಿಗೆ ಗುರುವಾರವೇ ಬರಲಾಗದೆಂದು ಕಳುಹಿಸಿದೆ. ಅಪ್ರೆಂಟಿಸ್ ನೋಂದಣಿಯನ್ನು ಫಲಿತಾಂಶದ ದಿನ ಮಾಡುತ್ತೇನೆ.

ಲೆಕ್ಕಿಗ ಅಣ್ಣನಿಗೆ ಒಂದು ಪ್ರಶ್ನೆ: ಮೂರರಲ್ಲಿ ಒಂದು ಸಕಲೇಶಪುರದ ಕಾಳುಮೆಣಸಿನ ವ್ಯಾಪಾರಿಯ ಲೆಕ್ಕ. ಬೆಳೆಗಾರರಿಂದ ನೇರವಾಗಿ ಕೊಂಡದ್ದಕ್ಕೆ ಬಿಲ್ಲುಗಳೇ ಇಲ್ಲ, ಚೀಟಿಗಳಿವೆ. ಇದನ್ನು 2ಬಿಯೊಂದಿಗೆ ತಾಳೆ ನೋಡುವುದು ಹೇಗೆ?

ಬಿ.ಎಂ. ರಸ್ತೆ ಲೆಕ್ಕಿಗ

ನೋಂದಣಿಯಿಲ್ಲದ ಬೆಳೆಗಾರರಿಂದ ಕೊಂಡದ್ದು 2ಬಿಯಲ್ಲಿ ಕಾಣಿಸುವುದೇ ಇಲ್ಲ, ಅಲ್ಲಿ ಹುಡುಕಬೇಡಿ. ಚೀಟಿಗಳನ್ನು ದಿನಾಂಕದ ಪ್ರಕಾರ ಜೋಡಿಸಿ, ತೂಕ, ದರ, ಬೆಳೆಗಾರರ ಹೆಸರು, ಹಣ ಪಾವತಿಸಿದ ರೀತಿ, ಇಷ್ಟನ್ನು ಪ್ರತ್ಯೇಕ ಖರೀದಿ ಪುಸ್ತಕದಲ್ಲಿ ಬರೆಯಿರಿ. ಸೋಮವಾರ ಸಂಜೆ ಆರರ ನಂತರ ನಮ್ಮ ಆಫೀಸಿಗೆ ಬನ್ನಿ, ನನ್ನ ಬಳಿ ಇರುವ ಅಂಥ ಪುಸ್ತಕವೊಂದನ್ನು ತೋರಿಸುತ್ತೇನೆ.